ಇಂದಿನ ಧಮ್ಮ ಚಿಂತನೆ: ಅನುಕಂಪ



ಈ ವಾರ ಚಿಂತನೆ ಬರೆಯುವ ಸರದಿ ನನ್ನದು. ಸುತ್ತಗಳನ್ನು ಬಿಡಿಸಿ ಹೇಳುವಷ್ಟು ಪಾಲಿ ನನಗೆ ಬರುವುದಿಲ್ಲ. ಹಾಗಾಗಿ ಒಂದೇ ಒಂದು ಪದ ಹಿಡಿದುಕೊಂಡು ಬರೆಯುತ್ತೇನೆ. ಆ ಪದ ಅನುಕಂಪ. ಸ್ವಲ್ಪ ಉದ್ದವಾಗುತ್ತದೆ, ಬಸ್ಸಿಗೆ ಹೊತ್ತಾಗಿದ್ದರೆ ಸಂಜೆ ಓದಿ.

ಈ ಪದ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿರುವುದು ಸರ್ಕಾರಿ ಕಚೇರಿಯಿಂದ. ನೌಕರಿಯಲ್ಲಿದ್ದವರು ತೀರಿಕೊಂಡರೆ ಮನೆಯ ಒಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುತ್ತಾರೆ. ಕರ್ನಾಟಕದಲ್ಲಿ ಅದಕ್ಕೆ 1996ರ ನಿಯಮಗಳಿವೆ. ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಉಳಿದವರ ಒಪ್ಪಿಗೆ ಪತ್ರ ಎಲ್ಲ ಜೋಡಿಸಬೇಕು. ಅಳುವುದಕ್ಕೂ ಪುರುಸೊತ್ತಿಲ್ಲದ ಹಾಗೆ ಓಡಾಡಬೇಕು. ನಾನು ಹಾಗೆ ಬಂದವಳು. ನಮ್ಮ ಮನೆಯವರು ಹೋದ ಎರಡನೇ ವರ್ಷ ಅವರ ಇಲಾಖೆಯಲ್ಲೇ, ಅವರು ಕೂರುತ್ತಿದ್ದ ಶಾಖೆಯ ಪಕ್ಕದ ಶಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿದೆ.

ಸೇರಿದ ಮೊದಲ ವಾರದಲ್ಲೇ ನನಗೊಂದು ಹೆಸರು ಬಿತ್ತು, ‘ಅನುಕಂಪದಮ್ಮ’. ಎದುರಿಗೆ ಕರೆಯುತ್ತಿರಲಿಲ್ಲ. ಫೋನಿನಲ್ಲಿ ಮಾತಾಡುವಾಗ ಕಿವಿಗೆ ಬೀಳುತ್ತಿತ್ತು. ಪರೀಕ್ಷೆ ಬರೆದು ಬಂದವರ ಮಧ್ಯೆ ನಾನು ಪರೀಕ್ಷೆ ಬರೆಯದೆ ಬಂದವಳು. ನಮ್ಮ ಜನ ಪರೀಕ್ಷೆ ಬರೆದು ಬಂದರೂ ‘ಕೋಟಾದವರು’ ಅನ್ನುತ್ತಾರೆ, ಆ ಮಾತು ಬೇರೆ. ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ನಾಲ್ಕು ಕುರ್ಚಿ ಒಂದು ಕಡೆ ಸೇರುತ್ತಿದ್ದವು, ನನ್ನದು ಕಿಟಕಿ ಪಕ್ಕ ಹಾಗೇ ಉಳಿಯುತ್ತಿತ್ತು. ಹನ್ನೊಂದು ಗಂಟೆಗೆ ಟೀ ಬಂದರೆ ಅವರಿಗೆ ಗಾಜಿನ ಲೋಟ, ನನಗೆ ಪೇಪರ್ ಲೋಟ.

ನಾವು ತಿಥಿ ಮಾಡಲಿಲ್ಲ ಎನ್ನುವುದೂ ಅಲ್ಲೊಂದು ವಿಷಯ. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದು ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೇ ಇದೆ. ಮನೆಯಲ್ಲಿ ಪುಣ್ಯಾನುಮೋದನೆ ಮಾಡಿ, ತ್ರಿಶರಣ ಪಂಚಶೀಲ ಹೇಳಿ, ಬಂದವರಿಗೆ ಊಟ ಹಾಕಿದ್ದೆವು. ‘ತಿಥೀನೂ ಮಾಡ್ಲಿಲ್ವಂತೆ, ಪಾಪ, ಅವರ ಆತ್ಮ ಎಲ್ಲಿ ಅಲೀತಿದ್ಯೋ’ ಎಂದು ಒಬ್ಬರು ನನಗೆ ಕೇಳಲಿ ಎಂದೇ ಅಂದರು. ನಾವು ಆತ್ಮವನ್ನು ಒಪ್ಪುವವರಲ್ಲ ಎಂದು ಉತ್ತರ ಕೊಡಬಹುದಿತ್ತು. ಆ ದಿನಗಳಲ್ಲಿ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

ಮಾತು ಹೊರಡದಿದ್ದುದಕ್ಕೆ ಕಾರಣ ಅವರಷ್ಟೇ ಅಲ್ಲ. ನನಗೆ ಕಾಯಿಲೆ ಶುರುವಾಗಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ತಲೆ ಬಾಚಿಕೊಳ್ಳುವುದು ಬೆಟ್ಟ ಹತ್ತಿದ ಹಾಗೆ. ಮುಂದೆ ಕಡತ ತೆರೆದಿದ್ದರೆ ಒಂದೇ ಸಾಲನ್ನು ಆರು ಸಲ ಓದುತ್ತಿದ್ದೆ, ತಲೆಗೆ ಹತ್ತುತ್ತಿರಲಿಲ್ಲ. ದುಃಖ ಅಂದರೆ ಉಕ್ಕಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ನಡುವೆ ಮಗಳ ಮಾತಿಗೆ ನಗುವೂ ಬರುತ್ತದೆ. ಇದು ಹಾಗಿರಲಿಲ್ಲ. ಅಳುವೂ ಬರುತ್ತಿರಲಿಲ್ಲ.

ಸಮಾಧಾನ ಹೇಳಿದವರು ಬಹಳ ಜನ. ಪಕ್ಕದ ಮನೆಯವರು ಹಿಂದಿನ ಜನ್ಮದ ಕರ್ಮ ಎಂದರು. ಅದಕ್ಕೆ ಹೆಚ್ಚು ಬರೆಯುವುದಿಲ್ಲ. ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬಾಬಾಸಾಹೇಬರು ಆ ವಾದವನ್ನು ಬಿಡಿಬಿಡಿಯಾಗಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೆ, ಓದದವರು ಓದಿ. ನಮ್ಮವರೇ ಕಳಿಸಿದ ಸಂದೇಶಗಳ ಬಗ್ಗೆ ಎರಡು ಮಾತು ಹೇಳಬೇಕು. ಒಂದು, ಎರಡು ಬಾಣಗಳ ಉಪಮೆ. ಮೊದಲ ಬಾಣ ನೋವು, ಎರಡನೆಯದು ಆ ನೋವಿಗಾಗಿ ನಾವೇ ಪಡುವ ಸಂಕಟ ಎಂದು ಬುದ್ಧರು ಹೇಳಿದ್ದು ನಿಜ. ಆದರೆ ನನಗೆ ಬಿದ್ದ ಎಷ್ಟೋ ಬಾಣಗಳು ಎದುರಿನ ಮೇಜಿನಿಂದ ಬಂದವು. ಅವನ್ನೂ ನನ್ನ ಮನಸ್ಸಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ದುಃಖಕ್ಕೆ ಸಮಾಜವೂ ಕಾರಣ ಎಂದು ಕಲಿಸಿಕೊಟ್ಟವರ ಮಕ್ಕಳು ನಾವು.

ಇನ್ನೊಂದು ಕಿಸಾಗೌತಮಿಯ ಕಥೆ. ಆ ತಿಂಗಳಲ್ಲಿ ನನಗೆ ಅದು ನಾಲ್ಕು ಗುಂಪುಗಳಿಂದ ಬಂತು. ಸತ್ತ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಸಾವಿಲ್ಲದ ಮನೆಯ ಸಾಸಿವೆ ತಾ ಎಂದರು, ಅಂಥ ಮನೆ ಸಿಗಲಿಲ್ಲ, ಎಲ್ಲರೂ ಸಾಯುವವರೇ ಎಂದು ಅವಳಿಗೆ ತಿಳಿಯಿತು, ನೀವೂ ತಿಳಿದುಕೊಳ್ಳಿ ತಂಗಿ. ಹೀಗೆ ಮುಗಿಯುತ್ತಿತ್ತು. ಎಲ್ಲರೂ ಸಾಯುತ್ತಾರೆ ಎಂಬ ಒಂದು ವಾಕ್ಯ ಸಾಕಾಗಿದ್ದರೆ ಬುದ್ಧರು ಅದನ್ನು ಬೆಳಿಗ್ಗೆಯೇ ಅವಳಿಗೆ ಹೇಳಿ ಕಳಿಸುತ್ತಿದ್ದರಲ್ಲ? ಅವರು ಅವಳನ್ನು ಬಾಗಿಲಿಂದ ಬಾಗಿಲಿಗೆ ಕಳಿಸಿದರು. ಸಾಸಿವೆ ಯಾರ ಮನೆಯಲ್ಲಿ ಇರುವುದಿಲ್ಲ? ಕೊಡಲು ಕೈ ಮುಂದೆ ಮಾಡಿದವರನ್ನು ಅವಳು ನಿಲ್ಲಿಸಿ, ಈ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ ಎಂದು ಕೇಳಬೇಕಿತ್ತು. ಕೇಳಿದಾಗ ಒಬ್ಬರು ಅಪ್ಪನ ಹೆಸರು ಹೇಳಿರಬೇಕು, ಒಬ್ಬರು ಮಗಳದು. ಸಂಜೆಯ ಹೊತ್ತಿಗೆ ಇಡೀ ಊರು ತನ್ನ ಸಾವುಗಳನ್ನು ಅವಳಿಗೆ ಹೇಳಿಕೊಂಡಿತ್ತು. ಮಗುವನ್ನು ಮಣ್ಣಿಗೆ ಬಿಡುವ ಶಕ್ತಿ ಅವಳಿಗೆ ಬಂದದ್ದು ಅಲ್ಲಿಂದ ಎಂದು ನಾನು ಓದಿಕೊಳ್ಳುತ್ತೇನೆ.

ಕಚೇರಿಯಲ್ಲಿ ಆ ಬಾಗಿಲು ತೆರೆದವರು ಡಿ ದರ್ಜೆಯ ಒಬ್ಬ ಅಕ್ಕ. ಹಳೆಯ ಕಡತ ಹುಡುಕಲು ರೆಕಾರ್ಡ್ ರೂಮಿಗೆ ಹೋಗಿದ್ದೆ. ಒಂದು ಟಿಪ್ಪಣಿ ಹಾಳೆಯಲ್ಲಿ ನಮ್ಮ ಮನೆಯವರ ಅಕ್ಷರ, ಕೆಳಗೆ ಅವರ ಚಿಕ್ಕ ಸಹಿ, ದಿನಾಂಕ. ನಾನು ಅಲ್ಲೇ ಕುಸಿದು ಕೂತೆ. ಅಕ್ಕ ಬಂದು ಕಡತದ ಕಟ್ಟಿನ ಮೇಲೆ ಕೂತರು. ಸಮಾಧಾನ ಮಾಡ್ಕೋ ಎನ್ನಲಿಲ್ಲ. ಒಂಬತ್ತು ವರ್ಷದ ಹಿಂದೆ ನಾಲೆಯಲ್ಲಿ ಹೋದ ಮಗನ ವಿಷಯ ಹೇಳಿದರು. ‘ಇವತ್ತಿಗೂ ಒಂದು ಮುದ್ದೆ ಜಾಸ್ತಿ ಕಟ್ಬುಡ್ತೀನಿ ಕಣವ್ವ’ ಎಂದರು. ಅವರ ಕೊರಳಲ್ಲಿ ಮಾದಪ್ಪನ ದಾರವಿದೆ. ಬುದ್ಧ ಯಾರು ಎಂದು ಅವರಿಗೆ ಸರಿಯಾಗಿ ಗೊತ್ತಿಲ್ಲ. ಸಾಸಿವೆ ಕಥೆ ನನಗೆ ಅರ್ಥವಾದದ್ದು ಅವರಿಂದ.

ಈಗ ಪದಕ್ಕೆ ಬರುತ್ತೇನೆ. ಪಾಲಿಯಲ್ಲಿ ಕಂಪ ಎಂದರೆ ನಡುಗುವುದು. ನಮ್ಮ ಭೂಕಂಪದಲ್ಲಿರುವ ಕಂಪ ಅದೇ. ಅನು ಎಂದರೆ ಜೊತೆಗೆ, ಹಿಂದೆಯೇ. ಒಬ್ಬರು ನಡುಗಿದರೆ ಪಕ್ಕದಲ್ಲಿರುವವರೂ ನಡುಗುವುದು ಅನುಕಂಪ. ಕಚೇರಿಯ ಆದೇಶದಲ್ಲಿ ಅದು ಮೇಲಿನವರು ಕೆಳಗಿನವರಿಗೆ ಕೊಡುವ ವಸ್ತು ಆಗಿದೆ, ಪಡೆದವರು ತಲೆ ತಗ್ಗಿಸಬೇಕು. ಪದದೊಳಗೆ ಮೇಲು ಕೆಳಗು ಇಲ್ಲ. ಬಹುಜನ ಹಿತ, ಬಹುಜನ ಸುಖ ಎಂದು ನಮ್ಮ ಬ್ಯಾನರುಗಳಲ್ಲಿ ಬರೆಸುತ್ತೇವೆ. ಬುದ್ಧರು ಮೊದಲ ಅರವತ್ತು ಭಿಕ್ಕುಗಳನ್ನು ಊರೂರಿಗೆ ಕಳಿಸುವಾಗ ಹೇಳಿದ ಮಾತು ಅದು. ಅದರ ಬೆನ್ನಿಗೇ ಇನ್ನೊಂದು ಪದ ಇದೆ, ಲೋಕಾನುಕಂಪ. ಬ್ಯಾನರಿನಲ್ಲಿ ಜಾಗ ಸಾಲದೆಯೋ ಏನೋ, ಅದನ್ನು ನಾವು ಬಿಟ್ಟುಬಿಟ್ಟಿದ್ದೇವೆ.

‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಕಿಸಾಗೌತಮಿಯ ಪ್ರಸಂಗದ ನಂತರ ಬರುವುದು ರೋಗಿಗಳ ಬಗ್ಗೆ ಬುದ್ಧರಿಗಿದ್ದ ಕಾಳಜಿಯ ಭಾಗ. ಎರಡನ್ನೂ ಒಟ್ಟಿಗೆ ಓದಿ. ಆಮಶಂಕೆಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಕುವನ್ನು ಬುದ್ಧರು ನೋಡುತ್ತಾರೆ. ನಿನ್ನನ್ನು ನೋಡಿಕೊಳ್ಳುವವರು ಇಲ್ಲವೇ ಎಂದು ಕೇಳುತ್ತಾರೆ. ಇಲ್ಲ, ನನ್ನಿಂದ ಉಳಿದವರಿಗೆ ಏನೂ ಉಪಯೋಗವಿಲ್ಲ, ಅದಕ್ಕೆ ಯಾರೂ ಬರುವುದಿಲ್ಲ ಎನ್ನುತ್ತಾನೆ ಅವನು. ಆ ಉತ್ತರವನ್ನು ಕಚೇರಿಯ ಕುರ್ಚಿಯಲ್ಲಿ ಕೂತು ನಾನು ಎಷ್ಟು ಸಲ ನೆನೆದಿದ್ದೇನೆ! ಕೆಲಸ ನಿಧಾನವಾದವರನ್ನು ಯಾರೂ ಮಾತಾಡಿಸುವುದಿಲ್ಲ, ಮಾತಾಡಿಸದೆ ಇರುವುದರಿಂದ ಕೆಲಸ ಇನ್ನೂ ನಿಧಾನವಾಗುತ್ತದೆ.

ಬುದ್ಧರು ಅವನಿಗೆ ಅನಿತ್ಯದ ಮೇಲೆ ಪ್ರವಚನ ಮಾಡಲಿಲ್ಲ. ಆನಂದರಿಂದ ನೀರು ತರಿಸಿದರು. ಬುದ್ಧರು ನೀರು ಹಾಕಿದರು, ಆನಂದರು ತೊಳೆದರು. ಬುದ್ಧರು ತಲೆ ಕಡೆ, ಆನಂದರು ಕಾಲ ಕಡೆ ಹಿಡಿದು ಹಾಸಿಗೆ ಮೇಲೆ ಮಲಗಿಸಿದರು. ಆಮೇಲೆ ಉಳಿದ ಭಿಕ್ಕುಗಳನ್ನು ಕರೆಸಿ ಕೇಳಿದರು. ಅವರೂ ಅದೇ ಕಾರಣ ಕೊಟ್ಟರು, ಅವನಿಂದ ನಮಗೆ ಉಪಯೋಗವಿಲ್ಲ ಎಂದು. ನಿಮಗಿಲ್ಲಿ ತಾಯಿ ತಂದೆ ಯಾರೂ ಇಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡುತ್ತಾರೆ ಎಂಬುದು ಬುದ್ಧರ ಮಾತಿನ ತಾತ್ಪರ್ಯ. ವಿನಯದಲ್ಲಿ ಅದು ನಿಯಮವಾಯಿತು. ಯಾರೂ ಇಲ್ಲದ ರೋಗಿಯನ್ನು ಸಂಘವೇ ನೋಡಬೇಕು, ನೋಡದಿದ್ದರೆ ಸಂಘದ ತಪ್ಪು.

ಅಲ್ಲೇ ರೋಗಿಯನ್ನು ನೋಡಿಕೊಳ್ಳುವವರಿಗೆ ಐದು ಗುಣ ಹೇಳಿದೆ. ಮೊದಲನೆಯದು ಔಷಧಿ ಸಿದ್ಧಪಡಿಸಲು ಬರಬೇಕು. ಧಮ್ಮದ ಮಾತು ಹೇಳಿ ಧೈರ್ಯ ತುಂಬುವುದು ಐದನೆಯದು, ಕೊನೆಯದು. ನಾವು ಐದನೆಯದರಿಂದ ಶುರು ಮಾಡುತ್ತೇವೆ.

ನಮ್ಮ ಬಳಗದ ನಿವೃತ್ತ ಶಿಕ್ಷಕಿ ಅಕ್ಕ ಒಬ್ಬರು ಮೊದಲನೆಯದರಿಂದ ಶುರು ಮಾಡಿದರು. ಸತತ ಮೂರು ಭಾನುವಾರ ನಾನು ವಂದನೆಗೆ ಬರಲಿಲ್ಲ ಎಂದು ಮನೆಗೇ ಬಂದು, ಮುಖ ನೋಡಿ, ಮಾರನೆಯ ದಿನ ರಜೆ ಹಾಕಿಸಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಚೀಟಿ ಮಾಡಿಸಿ, ಸಾಲಿನಲ್ಲಿ ಅವರೇ ನಿಂತರು. ಮನೋವೈದ್ಯರು ಕೇಳಿದ ಪ್ರಶ್ನೆಗಳಲ್ಲಿ ಒಂದು, ಬದುಕುವುದು ಬೇಡ ಅನ್ನಿಸುತ್ತದೆಯೇ ಎಂಬುದು. ಹೌದು ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರೋಗಿಗೆ ಇರಬೇಕಾದ ಗುಣಗಳನ್ನೂ ವಿನಯ ಹೇಳುತ್ತದೆ, ಅದರಲ್ಲಿ ಒಂದು ಕಾಯಿಲೆ ಇದ್ದದ್ದನ್ನು ಇದ್ದ ಹಾಗೆ ನೋಡಿಕೊಳ್ಳುವವರಿಗೆ ತಿಳಿಸುವುದು. ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಉಪದೇಶ ಮಾಡಲಿಲ್ಲ. ಕಡಲೆಕಾಯಿ ಕೊಡಿಸಿದರು.

ಮಾತ್ರೆ ಬಗ್ಗೆ ಎರಡು ಮಾತು, ಏಕೆಂದರೆ ನಮ್ಮಲ್ಲಿ ಕೇಳಲು ನಾಚುತ್ತಾರೆ. ಖಿನ್ನತೆಯ ಮಾತ್ರೆ ಜ್ವರದ ಮಾತ್ರೆ ಹಾಗೆ ಅದೇ ದಿನ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಆರಾಮಾಯಿತು ಎಂದು ನಾವೇ ನಿಲ್ಲಿಸಬಾರದು, ವೈದ್ಯರೇ ನಿಧಾನವಾಗಿ ಇಳಿಸುತ್ತಾರೆ. ಎರಡು ವಾರಕ್ಕಿಂತ ಹೆಚ್ಚು ದಿನ, ದಿನದ ಬಹುಪಾಲು ಹೊತ್ತು ಮನಸ್ಸು ಸತ್ತ ಹಾಗಿದ್ದರೆ ತೋರಿಸಬೇಕು. ಆಸ್ಪತ್ರೆಗೆ ಹೋಗಲು ಧೈರ್ಯ ಬಾರದವರು 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಬದುಕು ಬೇಡ ಅನ್ನಿಸಿದವರು ಅದೇ ದಿನ ಯಾರಿಗಾದರೂ ಹೇಳಿ. ಧ್ಯಾನ ಮಾಡಿ ಸರಿಮಾಡಿಕೊಳ್ಳಿ ಎಂದು ಅಂಥವರನ್ನು ಮನೆಯಲ್ಲಿ ಕೂರಿಸಬೇಡಿ.

ಬಾಬಾಸಾಹೇಬರು ದುಃಖಪಡಲಿಲ್ಲ, ಎಲ್ಲವನ್ನೂ ನುಂಗಿಕೊಂಡು ಓದಿದರು ಎಂದು ಭಾಷಣದಲ್ಲಿ ಹೇಳುವವರಿದ್ದಾರೆ. ಅವರೇ ಬರೆದದ್ದನ್ನು ಓದಿದರೆ ಹಾಗಿಲ್ಲ. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ 1917ರ ಬರೋಡ ಇದೆ. ಹಗಲು ಕಚೇರಿ, ರಾತ್ರಿ ಪಾರ್ಸಿ ವಸತಿಗೃಹದ ಮಹಡಿ. ಮಂದ ದೀಪ, ಮುರಿದ ಸಾಮಾನು, ಬಾವಲಿ. ಮಾತಾಡಲು ಒಂದು ನರಪಿಳ್ಳೆ ಇಲ್ಲ. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದವರು ಮನುಷ್ಯರ ಸಂಗಕ್ಕೆ ಹೇಗೆ ಹಾತೊರೆದರು ಎಂದು ಮುಚ್ಚಿಡದೆ ಬರೆದಿದ್ದಾರೆ. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಅಲ್ಲಿಂದಲೂ ಹೊರಡಿಸಿದರು. ಒಂದೊಂದಾಗಿ ನಾಲ್ಕು ಮಕ್ಕಳನ್ನು ಕಳೆದುಕೊಂಡರು. 1935ರ ಮೇ 27ರಂದು ರಮಾಬಾಯಿಯವರು ಹೋದರು. ಐದಾರು ವರ್ಷದ ಮೇಲೆ ಬಂದ ‘ಥಾಟ್ಸ್ ಆನ್ ಪಾಕಿಸ್ತಾನ್’ ಪುಸ್ತಕವನ್ನು ಅವರ ನೆನಪಿಗೆ ಅರ್ಪಿಸಿದರು. ರಾಜಕೀಯದ ಅಷ್ಟು ದೊಡ್ಡ ಪುಸ್ತಕದ ಮೊದಲ ಪುಟದಲ್ಲಿ ‘ರಾಮು’ ಎಂಬ ಮನೆಯ ಹೆಸರು. ಗೆಳೆಯರೇ ಇಲ್ಲದಿದ್ದ ಕಷ್ಟದ ದಿನಗಳಲ್ಲಿ ತನ್ನ ಜೊತೆಗೆ ತಾನೂ ನೋಯಲು ಸಿದ್ಧಳಾಗಿದ್ದಳು ಎಂದು ಅಲ್ಲಿ ನೆನೆಯುತ್ತಾರೆ. ಅನುಕಂಪ ಎಂಬ ಪದವನ್ನು ಅವರು ಬಳಸಿಲ್ಲ, ಆದರೆ ಆ ಪದದ ಅರ್ಥ ಅದೇ ತಾನೆ?

ನನ್ನ ವಿಷಯ ಕೇಳುವವರಿಗೆ: ಮಾತ್ರೆ ನಡೆಯುತ್ತಿದೆ, ನಿದ್ದೆ ಬರುತ್ತಿದೆ, ಅಳುವೂ ಬರುತ್ತಿದೆ. ಲೋಟದ ಬಗ್ಗೆ ಲಿಖಿತ ದೂರು ಕೊಟ್ಟೆ. ಈಗ ಇಡೀ ಶಾಖೆಗೆ ಪೇಪರ್ ಲೋಟವೇ ಬರುತ್ತದೆ. ಊಟಕ್ಕೆ ನಾನು ಮತ್ತು ಮಾದಪ್ಪನ ದಾರದ ಅಕ್ಕ ರೆಕಾರ್ಡ್ ರೂಮಿನ ಬಾಗಿಲ ಹತ್ತಿರ ಕೂರುತ್ತೇವೆ.

ಬಳಗಕ್ಕೆ ಒಂದು ಕೋರಿಕೆ. ಈ ಭಾನುವಾರ ವಂದನೆ ಆದ ಮೇಲೆ ಹಾಜರಿ ಪುಸ್ತಕ ತೆರೆದು, ಮೂರು ವಾರದಿಂದ ಬಾರದವರ ಹೆಸರು ಓದೋಣ. ಫೋನ್ ಬೇಡ. ಇಬ್ಬಿಬ್ಬರು ಅವರ ಮನೆಗೆ ಹೋಗಿ ಬರೋಣ. ಹೋಗುವವರು ಹೆಸರು ಕೊಡಿ, ನನ್ನದು ಬರೆದುಕೊಳ್ಳಿ.

ಜೈ ಭೀಮ್. ನಮೋ ಬುದ್ಧಾಯ.