ನೆಂಟರಿಗೆ ವಿಶಾಖಪಟ್ಟಣದ ರುಚಿ ತೋರಿಸಲು ಏಳು ಸೂತ್ರಗಳು

ವಿಶಾಖಪಟ್ಟಣದ ಬಳಿಯ ಅಚ್ಯುತಾಪುರಂನ ವಿಶೇಷ ಆರ್ಥಿಕ ವಲಯದಲ್ಲಿ ಕೆಲಸಕ್ಕಿರುವ ಕನ್ನಡಿಗರ ಮನೆಗೆ ಊರಿಂದ ಯಾರೇ ಬರಲಿ, ಸಿಂಹಾಚಲದ ದರ್ಶನ ಮುಗಿದ ಕೂಡಲೇ ಕೇಳುವುದು ಒಂದೇ: ಇಲ್ಲಿ ಊಟಕ್ಕೆ ಎಲ್ಲಿ ಚೆನ್ನಾಗಿದೆ? ಹತ್ತು ಹೋಟೆಲುಗಳ ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಯಾರಿಗೂ ಉಪಯೋಗವಿಲ್ಲ. ಹೊತ್ತಿಗೊಂದು ಜಾಗ ಸಾಕು.

1. ಹೋಟೆಲಿಗಿಂತ ಮೊದಲು ತಿಂಡಿಯ ಹೆಸರು ಹೇಳಿ. ದ್ವಾರಕಾನಗರದ ಸಾಯಿರಾಂ ಪಾರ್ಲರ್‌ಗೆ ಹೋಗಿ ಎಂದಷ್ಟೇ ಹೇಳಿದರೆ ನಮ್ಮವರು ಅಲ್ಲೂ ಮಸಾಲೆ ದೋಸೆ ತರಿಸುತ್ತಾರೆ. ಉಪ್ಪಿಟ್ಟು ತುಂಬಿದ ಪೆಸರಟ್ಟು, ಜೊತೆಗೆ ಶುಂಠಿಯ ಅಲ್ಲಂ ಪಚ್ಚಡಿ ಕೇಳಿ ಎಂದು ಬಿಡಿಸಿ ಹೇಳಿ. ಸಿಪ್ಪೆ ಸಮೇತ ನೆನೆಸಿದ ಹೆಸರುಕಾಳನ್ನು ರುಬ್ಬಿ, ಹುಳಿ ಬರಿಸದೆ ಹುಯ್ಯುವ ಈ ದೋಸೆಗೆ ಆ ಪಚ್ಚಡಿಯೇ ಜೀವ.

2. ಹೊತ್ತನ್ನೂ ಹೇಳಿ. ಪೆಸರಟ್ಟು ಬೆಳಿಗ್ಗೆ, ಆಂಧ್ರದ ಊಟ ಮಧ್ಯಾಹ್ನ, ಆರ್.ಕೆ. ಬೀಚಿನ ಮುರಿ ಮಿಕ್ಸ್‌ಚರ್ ಸಂಜೆ.

3. ಖಾರದ ಬಗ್ಗೆ ಮುಚ್ಚಿಡಬೇಡಿ. ಬೆಂಗಳೂರಿನಲ್ಲಿ ಆಂಧ್ರ ಶೈಲಿಯ ಊಟ ಉಂಡವರು ತಮಗೆಲ್ಲ ಗೊತ್ತು ಎಂದುಕೊಂಡು ಬರುತ್ತಾರೆ. ಜಗದಾಂಬ ಜಂಕ್ಷನ್ ಬಳಿಯ ದಸಪಲ್ಲಾ ಹೋಟೆಲಿನ ಧರಣಿಯಲ್ಲೋ ಇನ್ನೊಂದು ಕಡೆಯೋ ಊಟಕ್ಕೆ ಕೂರಿಸಿದಾಗ ಉಣ್ಣುವ ಕ್ರಮ ಹೇಳಿಕೊಡಿ: ಮೊದಲು ಬಿಸಿ ಅನ್ನಕ್ಕೆ ಕಂದಿಪೊಡಿ (ತೊಗರಿಬೇಳೆಯ ಪುಡಿ), ತುಪ್ಪ, ಆಮೇಲೆ ಪಪ್ಪು (ಬೇಳೆ), ಅದರ ಪಕ್ಕಕ್ಕೆ ಚೂರೇ ಚೂರು ಆವಕಾಯ, ಅದಾದ ಮೇಲೆ ಪುಲುಸು ಅಥವಾ ಚಾರು, ಕೊನೆಗೆ ಗಟ್ಟಿ ಮೊಸರು. ಪುಡಿಗೆ ತುಪ್ಪ ಕಡಿಮೆ ಮಾಡಿದರೆ ನಾಲಿಗೆ ಉರಿಯುತ್ತದೆ, ಮುಂದಿನ ಯಾವುದರ ರುಚಿಯೂ ತಿಳಿಯುವುದಿಲ್ಲ. ಮಕ್ಕಳಿಗೆ ಪಪ್ಪು, ಮೊಸರು ಸಾಕು. ಪುಂಡಿಸೊಪ್ಪಿನ ಗೋಂಗೂರವನ್ನು ಮಾತ್ರ ಯಾರಿಗೂ ತಪ್ಪಿಸಬೇಡಿ, ಆ ಹುಳಿಗೆ ಸಮ ಇನ್ನೊಂದಿಲ್ಲ.

4. ಮೀನು ಬೇಕೆಂದವರಿಗೆ ತಿಂಗಳು ನೋಡಿ ಮಾತು ಕೊಡಿ. ಪೂರ್ವ ಕರಾವಳಿಯಲ್ಲಿ ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವದು. ಬೇಸಿಗೆ ರಜೆಗೆ ಬರುವ ಬಂಧುಗಳು ಸರಿಯಾಗಿ ಆಗಲೇ ಬರುತ್ತಾರೆ! ಆ ದಿನಗಳಲ್ಲಿ ಹೋಟೆಲಿನ ಮೀನು ಎಲ್ಲಿಂದ ಬಂತೆಂದು ಕೇಳಿಯೇ ತರಿಸಿ. ಉಳಿದ ತಿಂಗಳುಗಳಲ್ಲಿ ಚೇಪಲ ಪುಲುಸು ಕೈಬಿಡಬೇಡಿ. ಹುಣಸೆಹುಳಿಯಲ್ಲಿ ಕುದಿದ ಈ ಸಾರು ಮಂಗಳೂರಿನ ತೆಂಗಿನಕಾಯಿ ಗಸಿಗಿಂತ ತೀರ ಬೇರೆ. ಕಾರ್ತಿಕ ಮಾಸದಲ್ಲಿ ಇಲ್ಲಿನ ಅನೇಕ ಮನೆಗಳಲ್ಲಿ ಮಾಂಸ, ಮೀನು ಮುಟ್ಟುವುದಿಲ್ಲ ಎಂಬುದೂ ನೆನಪಿರಲಿ.

5. ದೂರ ಲೆಕ್ಕ ಹಾಕಿ. ವಿಜಯವಾಡ ಇಲ್ಲಿಂದ ಸುಮಾರು 350 ಕಿ.ಮೀ. ಒಂದು ಊಟಕ್ಕಾಗಿ ಅಲ್ಲಿಗೆ ಅಟ್ಟಬೇಡಿ. ಕನಕದುರ್ಗೆಯ ದರ್ಶನಕ್ಕೆ ಹೇಗೂ ಇಳಿಯುವವರಿದ್ದರೆ ಗಾಂಧಿನಗರದ ಬಾಬಾಯಿ ಹೋಟೆಲಿನ ಬೆಣ್ಣೆ ಇಡ್ಲಿ ಹೇಳಿ. ಮಧ್ಯಾಹ್ನ ಉಲವಚಾರು ಕೇಳಲಿ. ಹುರುಳಿ ಬೇಯಿಸಿದ ಕಟ್ಟನ್ನು ಗಟ್ಟಿಯಾಗುವವರೆಗೆ ಕುದಿಸಿ, ಕೆನೆಯೊಂದಿಗೆ ಬಡಿಸುತ್ತಾರೆ. ಹುರುಳಿ ಸಾರು ಉಂಡು ಬೆಳೆದ ನಮ್ಮವರಿಗೆ ಒಂದೇ ತುತ್ತಿಗೆ ಹಿಡಿಸುತ್ತದೆ. ಅರಕು ಕಣಿವೆಯ ಬೊಂಗು ಚಿಕನ್ನಿಗೂ ಒಂದು ಇಡೀ ದಿನ ಬೇಕು, ಬಿದಿರಿನ ಒಳಗೆ ಬೆಂದ ಆ ಕೋಳಿಯನ್ನು ಅವಸರದಲ್ಲಿ ತಿನ್ನಬಾರದು.

6. ಕಟ್ಟಿಸಿಕೊಡಲು ಮಾಡುಗುಲ ಹಲ್ವ, ಇಲ್ಲವೇ ಆತ್ರೇಯಪುರದ ಪೂತರೇಕುಲು. ಅಕ್ಕಿಹಿಟ್ಟಿನ ತೆಳು ಹಾಳೆಯ ಈ ಸಿಹಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಬೇಗ ಪುಡಿಯಾಗುತ್ತದೆ, ಚೀಲದಲ್ಲಿ ಮೇಲೆಯೇ ಇಡಿ.

7. ಮೊದಲ ಊಟಕ್ಕೆ ನೀವೇ ಜೊತೆಗೆ ಹೋಗಿ. ತೆಲುಗು ಬಾರದ ಅತ್ತೆ, ಮಾವ ಎರಡನೇ ಸಲ ಅನ್ನ ಕೇಳಲು ಸಂಕೋಚಪಡುತ್ತಾರೆ. ಒಂದು ಭಾನುವಾರ ಅವರಿಗಾಗಿ ಬಿಡುವು ಮಾಡಿಕೊಳ್ಳಿ.