ತೆಳುಕೊಕ್ಕಿನ ಕರ್ಲ್ಯೂ

ಕಡಲು ಇಳಿದಾಗ ಕೆಸರಿನ ಬಯಲಿನಲ್ಲಿ ಆಹಾರವನ್ನು ಅರಸುತ್ತ ಅಡ್ಡಾಡುವ ಹಕ್ಕಿಗಳನ್ನು ಗುರುತಿಸುವುದು ಸುಲಭವಾದ ಕಾರ್ಯವಲ್ಲ. ಅವುಗಳಲ್ಲಿ ಬಹುಪಾಲಿನ ಬಣ್ಣ ಕೆಸರಿನದೇ ಬಣ್ಣ: ಕಂದು, ಬೂದು, ಮಾಸಲು ಬಿಳಿ. ನೋಡುವವನು ದಡದಲ್ಲಿ, ಹಕ್ಕಿ ಬಹು ದೂರದಲ್ಲಿ. ನಡುವೆ ಬಿಸಿಲಿಗೆ ನಡುಗುವ ಗಾಳಿ. ಈ ಕಷ್ಟಕ್ಕೆ ತೆಳುಕೊಕ್ಕಿನ ಕರ್ಲ್ಯೂ ಎಂಬ ಹಕ್ಕಿ ಒಂದು ಶೋಚನೀಯ ನಿದರ್ಶನ.

ಉದ್ದನೆಯ ಕಾಲುಗಳೂ ಕೆಳಕ್ಕೆ ಬಾಗಿದ ನೀಳವಾದ ಕೊಕ್ಕೂ ಉಳ್ಳ ಹಕ್ಕಿಗಳಿಗೆ ಕರ್ಲ್ಯೂ ಎಂದು ಹೆಸರು. ಇವುಗಳಲ್ಲಿ ಯುರೇಸಿಯಾದ ಕರ್ಲ್ಯೂ 50ರಿಂದ 60 ಸೆಂಟಿಮೀಟರು ಉದ್ದವಿದ್ದು, ಚಳಿಗಾಲದಲ್ಲಿ ಕರ್ನಾಟಕದ ಕರಾವಳಿಯ ಅಳಿವೆಗಳಿಗೂ ಬರುತ್ತದೆ. ತೆಳುಕೊಕ್ಕಿನದು ಅದರ ಕಿರಿಯ ತಮ್ಮನಂತಿತ್ತು. ಉದ್ದ ಹೆಚ್ಚೆಂದರೆ 40 ಸೆಂಟಿಮೀಟರಿನ ಆಸುಪಾಸು. ಅದು ಉತ್ತರದ ಬಯಲುಗಳಲ್ಲಿ ಮರಿಮಾಡಿ, ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳಲ್ಲಿ ಚಳಿಗಾಲವನ್ನು ಕಳೆಯುತ್ತಿತ್ತು.

ಅದರ ಕೊಕ್ಕು ತುದಿಯ ಕಡೆಗೆ ಸೂಜಿಯಂತೆ ಸಣ್ಣಗಾಗುತ್ತಿತ್ತು. ಬಾಲವೂ ಹೊಟ್ಟೆಯೂ ಹೆಚ್ಚು ಬಿಳುಪು. ಪಕ್ಕೆಗಳ ಮೇಲೆ ಹೃದಯದಾಕಾರದ ಕಪ್ಪು ಚುಕ್ಕೆಗಳು. ಪುಸ್ತಕದಲ್ಲಿ ಓದಿದಾಗ ಸಂದೇಹಕ್ಕೆ ಎಡೆಯೇ ಇಲ್ಲವೆನಿಸುತ್ತದೆ. ಆದರೆ ಬಯಲಿನಲ್ಲಿ ಈ ಲಕ್ಷಣಗಳು ಒಂದೊಂದಾಗಿ ಕೈಕೊಡುತ್ತವೆ. ಆ ಚುಕ್ಕೆಗಳಿದ್ದುದು ಬೆಳೆದ ಹಕ್ಕಿಗಳಿಗೆ ಮಾತ್ರ. ಎಳೆಯವಕ್ಕೆ ಬರಿಯ ಗೀರುಗಳು. ಇನ್ನು ಕೊಕ್ಕಿನ ಮಾತು: ಯುರೇಸಿಯಾದ ಕರ್ಲ್ಯೂಗಳಲ್ಲಿ ಗಂಡಿನ ಕೊಕ್ಕು ಹೆಣ್ಣಿನದಕ್ಕಿಂತ ಚಿಕ್ಕದು, ಮರಿಯದು ಇನ್ನೂ ಚಿಕ್ಕದು. ಬಿಳುಪನ್ನಾದರೂ ನಂಬೋಣವೆಂದರೆ, ಅದೇ ಕರ್ಲ್ಯೂವಿನ ಪೂರ್ವದೇಶದ ತಳಿ, ಎಂದರೆ ಭಾರತಕ್ಕೆ ಬರುವ ತಳಿ, ಉಳಿದವಕ್ಕಿಂತ ಬೆಳ್ಳಗಿರುತ್ತದೆ. ಗಾತ್ರವನ್ನು ಅಳೆಯಬೇಕಾದರೆ ಪಕ್ಕದಲ್ಲಿ ಬೇರೊಂದು ಹಕ್ಕಿ ನಿಂತಿರಬೇಕು; ಒಂಟಿ ಹಕ್ಕಿಯ ಎತ್ತರವನ್ನು ಕಣ್ಣು ಸರಿಯಾಗಿ ಹೇಳಲಾರದು.

1998ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಡ್ರೂರಿಜ್ ಕೊಲ್ಲಿಯ ಬಳಿ ಇಂಥದೊಂದು ಹಕ್ಕಿ ಕಾಣಿಸಿಕೊಂಡಿತು. ನುರಿತವರನೇಕರು ಅದನ್ನು ನೋಡಿದರು, ಚಿತ್ರಗಳನ್ನು ತೆಗೆದರು. ಅದು ಎಳೆಯ ತೆಳುಕೊಕ್ಕಿನ ಕರ್ಲ್ಯೂವೆಂದು ನಿರ್ಣಯವಾಗಿ, ಬ್ರಿಟನ್ನಿನ ಪಕ್ಷಿಗಳ ಪಟ್ಟಿಗೆ ಸೇರಿತು. ಸುಮಾರು ಒಂದೂವರೆ ದಶಕದ ಆನಂತರ ಅದೇ ಸಾಕ್ಷ್ಯವನ್ನು ಪುನಃ ಪರಿಶೀಲಿಸಿದಾಗ, ಅದು ಯುರೇಸಿಯಾದ ಕರ್ಲ್ಯೂ ಅಲ್ಲವೆಂದು ಖಚಿತವಾಗಿ ಹೇಳಲಾಗದೆ, ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಹಿಂದಿನ ನಿರ್ಣಯವನ್ನು ಹೀಗೆ ಹಿಂತೆಗೆದುಕೊಳ್ಳಲು ಬಲ್ಲವರಿಗೂ ಧೈರ್ಯ ಬೇಕು.

ಈ ಗೊಂದಲದ ಫಲವನ್ನು ಅನುಭವಿಸಿದ್ದು ಹಕ್ಕಿ. 19ನೆಯ ಶತಮಾನದಲ್ಲಿ ಮೆಡಿಟರೇನಿಯನ್ ತೀರದ ಕೆಲವೆಡೆ ಅದು ಸಾಮಾನ್ಯವಾಗಿದ್ದಿತು. ಬೇಟೆಗಾರರು ಒಂದು ಕರ್ಲ್ಯೂವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುತ್ತಿರಲಿಲ್ಲ. ದೊಡ್ಡ ಕರ್ಲ್ಯೂಗಳ ಹಿಂಡುಗಳಲ್ಲಿ ಚಿಕ್ಕವು ಕಡಿಮೆಯಾಗುತ್ತ ಬಂದುದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರುವ ಹೊತ್ತಿಗೆ 1988 ಆಗಿದ್ದಿತು. ಮೊರಾಕೊ ದೇಶದ ಮೆರ್ಜಾ ಜೆರ್ಗಾ ಎಂಬ ಹಿನ್ನೀರಿಗೆ ಬೆರಳೆಣಿಕೆಯ ಹಕ್ಕಿಗಳು ಬರುತ್ತಿದ್ದುವು. ಅಲ್ಲಿ 1995ರ ಫೆಬ್ರವರಿಯಲ್ಲಿ ಕಂಡುದೇ ವಿವಾದವಿಲ್ಲದ ಕೊನೆಯ ದರ್ಶನ. ಆಮೇಲೆ ಬಂದ ವರದಿಗಳಿಗೆಲ್ಲ ಡ್ರೂರಿಜ್ಜಿನ ಹಕ್ಕಿಗೆ ಬಂದ ಸಂದೇಹವೇ ಬಂದಿತು. 2025ರ ಅಕ್ಟೋಬರಿನಲ್ಲಿ ಅದು ಅಳಿದುಹೋಗಿದೆಯೆಂದು ಅಧಿಕೃತವಾಗಿ ಸಾರಲಾಯಿತು.

ಅದರ ಗೂಡುಗಳನ್ನು ಕಂಡು ವಿವರಿಸಿದವನು ಉಷಾಕೋವ್ ಎಂಬ ರಷ್ಯದ ನಿಸರ್ಗಜ್ಞ. 20ನೆಯ ಶತಮಾನದ ಆರಂಭದ ದಶಕಗಳಲ್ಲಿ, ಪಶ್ಚಿಮ ಸೈಬೀರಿಯದ ತಾರಾ ಪಟ್ಟಣದ ಹತ್ತಿರದ ಜೌಗಿನಲ್ಲಿ ಅವನು ಅವುಗಳನ್ನು ಕಂಡನು. ಮುಂದೆ ಅದೇ ಸೀಮೆಯಲ್ಲಿ ಹುಡುಕಿದವರೆಲ್ಲ ಬರಿಗೈಯಲ್ಲಿ ಮರಳಿದರು. ಇತ್ತೀಚೆಗೆ ವಿಜ್ಞಾನಿಗಳು ವಸ್ತುಸಂಗ್ರಹಾಲಯಗಳಲ್ಲಿದ್ದ ಎಳೆಯ ಹಕ್ಕಿಗಳ ಗರಿಗಳನ್ನು ಪರೀಕ್ಷಿಸಿದರು. ಗರಿ ಬೆಳೆದ ಪ್ರದೇಶದ ಮಳೆನೀರಿನ ಗುರುತು ಅದರ ಹೈಡ್ರೊಜನ್ನಿನಲ್ಲಿ ಉಳಿದಿರುತ್ತದೆ. ಆ ಗುರುತು ತೋರಿಸಿದ್ದು ಉತ್ತರ ಕಜಕಸ್ತಾನದ ಹುಲ್ಲುಗಾವಲುಗಳ ಕಡೆಗೆ. ತಾರಾದಿಂದ ನೂರಾರು ಕಿಲೊಮೀಟರು ದಕ್ಷಿಣಕ್ಕೆ.