ಎಲ್ಲಾ ಹಸಿರೂ ಪಾಚಿಯಲ್ಲ

ಕೆರೆ ನೀರಲ್ಲಿ ಹಸಿರು ಕಂಡರೆ "ಪಾಚಿ ಕಟ್ಟಿದೆ" ಅಂತೀವಿ. ಆದರೆ ಪಾಚಿಗೆ ನಿಜವಾದ ಬೇರು, ಕಾಂಡ, ಎಲೆ ಇಲ್ಲ. ಇವು ಮೂರೂ ಇದ್ದರೆ ಅದು ಗಿಡ.

ಸಖರಾಯಪಟ್ಟಣದ ಅಯ್ಯನಕೆರೆ ಇರಲಿ, ತರೀಕೆರೆ, ಅಜ್ಜಂಪುರದ ಕಡೆಯ ಕಟ್ಟೆ ಇರಲಿ, ನೀರಿಗೆ ಇಳಿಯಬೇಡಿ. ದಡದಲ್ಲೇ ನಿಂತು ಕೋಲಿನಿಂದ ಒಂದು ಎಳೆ ಎತ್ತಿ. ತಟ್ಟೆಯ ನೀರಲ್ಲಿ ಹರಡಿ ನೋಡಿ.

1. ಕಾಂಡ ತೆಳ್ಳಗೆ, ಉದ್ದ ಇದೆಯೇ?
2. ಒಂದೊಂದು ಗೆಣ್ಣಿನ ಸುತ್ತ 3ರಿಂದ 8 ಎಲೆ ಇವೆಯೇ?
3. ಎಲೆಯ ಅಂಚು ಗರಗಸದ ಹಲ್ಲಿನಂತೆ ಇದೆಯೇ? ಮುಟ್ಟಿದರೆ ಒರಟೇ?

ಮೂರಕ್ಕೂ "ಹೌದು" ಅಂದರೆ ಅದು ಹೈಡ್ರಿಲ್ಲಾ. ಎಲೆ ಬುಡದಿಂದಲೇ ರಿಬ್ಬನ್ನಿನಂತೆ ಎದ್ದಿದ್ದರೆ, ಇಲ್ಲವೇ ಕವಲೊಡೆದಿದ್ದರೆ ಬೇರೆ ಗಿಡ.

ಗುರುತಿಸಿ ಏನು ಲಾಭ? ಕೇಳಿ. ಗೆಣ್ಣಿರುವ ಚೂರು ಸಾಕು, ಹೈಡ್ರಿಲ್ಲಾ ಮತ್ತೆ ಬೆಳೆಯುತ್ತೆ. ಕೆಸರಲ್ಲಿ ಇದರ ಗೆಡ್ಡೆಯೂ ಇರುತ್ತೆ. ನಾವು ಕಾಲುವೆಯಲ್ಲಿ ಕತ್ತರಿಸಿ ಹಾಗೇ ಬಿಟ್ಟರೆ ಚೂರು ತೇಲಿ ಹೋಗುತ್ತೆ. ಕೆಳಗಿನ ತೋಟದವರಿಗೆ ನೀರು ಕಟ್ಟುತ್ತೆ. ಆಮೇಲೆ ಜಗಳ! 1950ರ ದಶಕದಲ್ಲಿ ಮೀನಿನ ತೊಟ್ಟಿಯ ಅಂದಕ್ಕೆಂದು ಇದನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿನ ಕೆರೆ, ನದಿಗಳಿಗೂ ಹಬ್ಬಿತು.

ಹಾಗಂತ ಇದು ಪೂರಾ ಕೆಟ್ಟದ್ದಲ್ಲ. ಮೀನಿನ ಮರಿಗಳು ಇದರೊಳಗೆ ಅಡಗುತ್ತವೆ. ಬಿಸಿಲಿದ್ದಾಗ ಇದು ನೀರಿಗೆ ಆಮ್ಲಜನಕ ಕೊಡುತ್ತೆ. ಅತಿಯಾದರೆ ಮಾತ್ರ ತೊಂದರೆ.

ಅಕ್ಕ, ಅಣ್ಣ, ಕಿತ್ತದ್ದನ್ನು ನೀರಲ್ಲಿ ಬಿಡಬೇಡಿ. ದಡದಿಂದ ದೂರ ಒಣಗಿಸಿ, ತಿಪ್ಪೆಗೆ ಹಾಕಿ. ಒಳ್ಳೆ ಗೊಬ್ಬರ. ಬಲೆಗೆ ಅಂಟಿದ ಚೂರನ್ನೂ ಬಿಡಿಸಿ, ಆಮೇಲೆ ಬೇರೆ ಕೆರೆಗೆ ಹೋಗಿ.

ಈಗ ಹೇಳಿ: ನಿಮ್ಮೂರ ಕೆರೆಯಲ್ಲಿರುವುದು ಪಾಚಿಯೋ, ಗಿಡವೋ?